ಧಕ್ಕೆಗೆ ಬರುವಾಗ ಧಕ್ಕೆಯಾಗದಿರಲಿ

ಸರ್ಕಾರಿ ಕಚೇರಿಯ ಗುಮಾಸ್ತರನ್ನು ಲೋಕವು ನಿಧಾನಸ್ಥರೆಂದು ಹಳಿಯುತ್ತದೆ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಡತ ಸಾಗುವ ವೇಗವನ್ನು ಕುರಿತ ನಗೆಮಾತುಗಳಿಗೆ ಮುಂಬಯಿಯಲ್ಲಿ ಬರವಿಲ್ಲ. ನಾವೂ ನಕ್ಕು ಸುಮ್ಮನಾಗುತ್ತೇವೆ. ಆದರೆ ಕಳೆದ ಮೇ ತಿಂಗಳ ರಜೆಯಲ್ಲಿ ಆ ನಿಧಾನವನ್ನು ಕಚೇರಿಯಲ್ಲೇ ಬಿಟ್ಟು ಊರಿಗೆ ಹೋದ ನಾವು, ಹೆತ್ತ ಮಗನ ಕಾಲಿಗೇ ಸಂಚಕಾರ ತರುವುದರಲ್ಲಿದ್ದೆವು. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇವೆ. ಮಕ್ಕಳೊಡನೆ ದೋಣಿ ಏರುವ ಮನೆಗಳಿಗೆ ಉಪಯೋಗವಾದೀತು.

ನಮ್ಮ ಸೋದರಮಾವನವರು ಕಾರವಾರದವರು. ಮೂವತ್ತು ವರ್ಷ ಯಂತ್ರದೋಣಿ ನಡೆಸಿ ನಿವೃತ್ತರಾದವರು. ಕಾಳೀ ನದಿಯಲ್ಲಿ ಅವರದೊಂದು ಹದಿನಾರು ಅಡಿಯ ದೋಣಿಯಿದೆ. ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ತಗುಲಿಸಿದ್ದಾರೆ. ಮಾವ, ನಾವು, ನಮ್ಮಾಕೆ, ಒಂಬತ್ತು ವರ್ಷದ ಮಗ, ನಾಲ್ವರೂ ಬೆಳಿಗ್ಗೆ ಉಬ್ಬರದ ಜೊತೆಯಲ್ಲಿ ನದಿಯ ಮೇಲಕ್ಕೆ ಹೋದೆವು. ಹೊರಡುವ ಮುಂಚೆ ಮಾವ ಎಲ್ಲರಿಗೂ ಜೀವರಕ್ಷಕ ಅಂಗಿ ತೊಡಿಸಿ, ಪಟ್ಟಿಗಳನ್ನು ತಾವೇ ಜಗ್ಗಿ ನೋಡಿದರು. ಎಂಜಿನ್ನಿನಿಂದ ಬಂದ ಕೆಂಪು ಸುರುಳಿ ದಾರವೊಂದನ್ನು ತಮ್ಮ ಮಣಿಕಟ್ಟಿಗೆ ಸಿಕ್ಕಿಸಿಕೊಂಡರು. ನಡೆಸುವವನು ನೀರಿಗೆ ಬಿದ್ದರೆ ದಾರ ಕಿತ್ತುಬಂದು ಎಂಜಿನ್ ತಾನಾಗಿಯೇ ನಿಲ್ಲುತ್ತದೆ. ಇಲ್ಲದಿದ್ದರೆ ದೋಣಿ ಸುತ್ತು ಹಾಕಿ ಬಂದು, ಬಿದ್ದವನನ್ನೇ ತನ್ನ ಪಂಖಕ್ಕೆ ಕೊಟ್ಟೀತು.

ಮರಳುವಾಗ ಇಳಿತ ಹಿಡಿದಿತ್ತು. ನೀರು ಸಮುದ್ರದ ಕಡೆಗೆ ಓಡುತ್ತಿತ್ತು. ಧಕ್ಕೆ ಕಣ್ಣಿಗೆ ಬೀಳುತ್ತಲೇ ನಾವೇ ದೋಣಿಯನ್ನು ದಡ ಮುಟ್ಟಿಸುತ್ತೇವೆಂದು ಹಟ ಹಿಡಿದೆವು. ಮುಂಬಯಿಯ ರಸ್ತೆಗಳಲ್ಲಿ ಸ್ಕೂಟರು ನಡೆಸಿದವರಿಗೆ ಇದೇನು ಮಹಾ ಎಂಬ ಹಮ್ಮು! ಮಾವ ದಾರವನ್ನು ನಮ್ಮ ಕೈಗೆ ಕಟ್ಟಿ ಪಕ್ಕದಲ್ಲಿ ಕುಳಿತರು.

ಧಕ್ಕೆ ಹತ್ತಿರ ಬಂತು. ವೇಗ ಹೆಚ್ಚಾಯಿತೆನಿಸಿ ನಾವು ಎಂಜಿನ್ನನ್ನು ನ್ಯೂಟ್ರಲ್ಲಿಗೆ ತಂದೆವು. ದೋಣಿ ನಿಲ್ಲಲಿಲ್ಲ, ಹಿಂದಿನಿಂದ ಪ್ರವಾಹ ನೂಕುತ್ತಲೇ ಇತ್ತು. ಎಂಜಿನ್ನಿನ ಹಿಡಿಯನ್ನು ತಿರುಗಿಸಿದರೆ ಮೂತಿ ತಿರುಗಲೊಲ್ಲದು. ಅಷ್ಟರಲ್ಲಿ ಮುಂದೆ ಕುಳಿತಿದ್ದ ಮಗ, ಅಪ್ಪನಿಗೆ ನೆರವಾಗಲೆಂದು, ಧಕ್ಕೆಯ ಕಲ್ಲನ್ನು ಒದ್ದು ತಡೆಯಲು ಕಾಲು ಚಾಚಿದ! ಮಾವ ಒಂದೇ ನೆಗೆತಕ್ಕೆ ಅವನ ಅಂಗಿಯ ಹಿಂಭಾಗ ಹಿಡಿದು ಒಳಗೆ ಎಳೆದರು. ಮರುಕ್ಷಣ ದೋಣಿ ಧಡ್ ಎಂದು ಕಲ್ಲಿಗೆ ಬಡಿಯಿತು. ನಮ್ಮಾಕೆ ಹಲಗೆಯ ಮೇಲೆ ಬಿದ್ದರು. ದೋಣಿಯ ಅಂಚು ಬಿರುಕುಬಿಟ್ಟಿತು. ಮಗನ ಕಾಲು ಎಲ್ಲಿದ್ದಿತೋ ಅಲ್ಲಿಯೇ.

ನಮ್ಮ ಬಾಯಿ ಒಣಗಿತ್ತು. ಮಾವ ಬೈಯಲಿಲ್ಲ. ಎಲ್ಲರಿಗೂ ನೀರು ಕುಡಿಸಿ, "ತಮ್ಮಾ, ದೋಣಿಗೆ ಬ್ರೇಕಿಲ್ಲ. ನಾವು ಕುಳಿತ ದೋಣಿಯೆಂದರೆ ಐದಾರು ಕ್ವಿಂಟಲ್ ಭಾರ. ಅದನ್ನು ಮಗುವಿನ ಕಾಲು ತಡೆಯಲಾರದು, ನನ್ನ ಕಾಲೂ ತಡೆಯಲಾರದು. ಫಳಿ ಮುರಿದರೆ ಬಡಗಿ ಇದ್ದಾನೆ" ಎಂದರು. ಆಮೇಲೆ ತಾಯಿಮಗುವನ್ನು ದಡದಲ್ಲಿ ಕೂರಿಸಿ, ನಮ್ಮನ್ನು ಮತ್ತೆ ನೀರಿಗೆ ಕರೆದೊಯ್ದರು.

ಆಗ ಕಲಿತದ್ದಿಷ್ಟು. ಔಟ್‌ಬೋರ್ಡ್ ದೋಣಿಗೆ ಬೇರೆ ಚುಕ್ಕಾಣಿಯಿಲ್ಲ. ಪಂಖ ನೀರನ್ನು ನೂಕಿದರೆ ಮಾತ್ರ ಅದು ಹೇಳಿದ ಮಾತು ಕೇಳುತ್ತದೆ. ಹಿಡಿಯನ್ನು ಬಲಕ್ಕೆ ದೂಡಿದರೆ ಮೂತಿ ಎಡಕ್ಕೆ. ಅದೂ ಮೋಟಾರಿನಂತೆ ಮುಂಭಾಗ ತಿರುಗಿ ಹಿಂಭಾಗ ಹಿಂಬಾಲಿಸುವುದಲ್ಲ. ಹಿಂಭಾಗವೇ ಹೊರಕ್ಕೆ ಬೀಸಿ ಮೂತಿಯನ್ನು ತಿರುಗಿಸುತ್ತದೆ. ಧಕ್ಕೆಯ ಪಕ್ಕದಲ್ಲಿ ಇದನ್ನು ಮರೆತರೆ ಮೂತಿ ಪಾರಾಗಿ ಹಿಂಬದಿ ಬಡಿಯುತ್ತದೆ.

ಮಾವ ದೋಣಿಯನ್ನು ಧಕ್ಕೆ ದಾಟಿಸಿ ಕೆಳಕ್ಕೆ ಒಯ್ದು, ತಿರುಗಿಸಿ, ಪ್ರವಾಹಕ್ಕೆ ಎದುರಾಗಿ ನಿಲ್ಲಿಸಿದರು. ಅದೇ ನೀರು, ಹಿಂದಿನಿಂದ ನೂಕಿದ್ದು ಈಗ ಮುಂದಿನಿಂದ ತಡೆಯಿತು. ಎಂಜಿನ್ನಿಗೆ ಅಲ್ಪ ಸ್ವಲ್ಪ ವೇಗ ಕೊಟ್ಟರೆ ದೋಣಿ ನಡೆಯುವ ಮನುಷ್ಯನಿಗಿಂತ ಮೆಲ್ಲಗೆ ಸರಿಯುತ್ತದೆ. ಆದರೂ ಹೇಳಿದತ್ತ ತಿರುಗುತ್ತದೆ. ಗಾಳಿ ಪ್ರವಾಹಕ್ಕಿಂತ ಬಲವಾಗಿದ್ದರೆ ಗಾಳಿಗೆ ಎದುರಾಗಿ ಬರಬೇಕು. ತುಸು ಓರೆಯಾಗಿ ಧಕ್ಕೆಯನ್ನು ಸಮೀಪಿಸಿ, ಹಳೆಯ ಟೈರುಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಮೂತಿ ಕೈಯಳತೆಗೆ ಬಂದಾಗ ಪಂಖವನ್ನು ಧಕ್ಕೆಯ ಕಡೆಗೆ ತಿರುಗಿಸಿ ಕ್ಷಣಕಾಲ ಹಿಂದಕ್ಕೆ ನಡೆಸಿದರೆ ಹಿಂಬದಿ ತಾನಾಗಿ ಬಂದು ಒರಗುತ್ತದೆ. ಮೊದಲು ಮುಂದಿನ ಹಗ್ಗ ಕಟ್ಟಬೇಕು. ಹಗ್ಗ ನೀರಿಗೆ ಬಿದ್ದು ಪಂಖಕ್ಕೆ ಸುತ್ತಿಕೊಳ್ಳದಂತೆ ನೋಡಬೇಕು. ಅಂದಾಜು ತಪ್ಪಿತೆನಿಸಿದರೆ ನಾಚದೆ ದೂರ ಸರಿದು ಮತ್ತೆ ಬರಬೇಕು. ನಾವು ಮೂರು ಸಲ ದೂರ ಸರಿದೆವು. ನಾಲ್ಕನೆಯ ಸಲ ಟೈರು ಕಲ್ಲನ್ನು ಮುಟ್ಟಿದ ಸದ್ದೂ ಕೇಳಲಿಲ್ಲ.

ಹಗ್ಗವನ್ನು ಬಿಗಿಯಾಗಿ ಕಟ್ಟಿದ್ದಕ್ಕೆ ಮಾತ್ರ ಮಾವ ಗದರಿದರು. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ನೀರು ಇಳಿದಾಗ ಗಿಡ್ಡ ಹಗ್ಗದ ದೋಣಿ ನೇತಾಡುತ್ತದೆ.

ಮುಂಬಯಿಯಲ್ಲಿ ನಾವಾರೂ ದೋಣಿ ನಡೆಸುವವರಲ್ಲ, ಏರುವವರು. ಊರಿನಿಂದ ನೆಂಟರು ಬಂದರೆ ಗೇಟ್‌ವೇಯಿಂದ ಎಲಿಫೆಂಟಾ ತೋರಿಸದೆ ಕಳಿಸುತ್ತೇವೆಯೆ? ಅದೇ ದಾರಿಯಲ್ಲಿ 2024ರ ಡಿಸೆಂಬರ್ 18ರಂದು, ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದೋಣಿಯೊಂದು ಪ್ರಯಾಣಿಕರ ದೋಣಿಗೆ ಡಿಕ್ಕಿ ಹೊಡೆದು 15 ಮಂದಿ ಸತ್ತರು. ಇನ್ನೊಬ್ಬರ ದೋಣಿ ನಮ್ಮ ಕೈಯಲ್ಲಿಲ್ಲ, ನಿಜ. ಜೀವರಕ್ಷಕ ಅಂಗಿಯ ಪಟ್ಟಿ ನಮ್ಮ ಕೈಯಲ್ಲಿದೆ. ಅಂಗಿಯನ್ನು ಕೇಳಿ ಪಡೆದು, ಮಕ್ಕಳಿಗೂ ಅವರ ಅಳತೆಯದನ್ನು ತೊಡಿಸಿ ಕಟ್ಟೋಣ. ದೋಣಿ ಕಟ್ಟಿ ನಿಲ್ಲುವ ತನಕ ಎದ್ದು ಒಂದೇ ಪಕ್ಕಕ್ಕೆ ನುಗ್ಗದಿರೋಣ. ಅಂಚಿನ ಮೇಲೆ ಬೆರಳಿಡದಿರೋಣ. ಚೀಲವನ್ನು ಮೊದಲು ದಾಟಿಸಿ, ಬರಿಗೈಯಲ್ಲಿ ಒಬ್ಬೊಬ್ಬರಾಗಿ ಇಳಿಯೋಣ. ಧಕ್ಕೆಗೂ ದೋಣಿಗೂ ನಡುವೆ ಕೈಕಾಲು ಚಾಚಬಾರದೆಂದು ಮಕ್ಕಳಿಗೆ ಟಿಕೆಟು ಕೊಳ್ಳುವ ಮೊದಲೇ ಹೇಳೋಣ.

ಮುಂಬಯಿಗೆ ಮರಳುವ ರೈಲಿನಲ್ಲಿ ನಮ್ಮಾಕೆ ಕೇಳಿದರು: "ಅಷ್ಟೊಂದು ಅವಸರ ನಿಮಗೆ ಎಲ್ಲಿಂದ ಬಂತು? ಕಚೇರಿಯಲ್ಲಂತೂ ಕಂಡಿಲ್ಲ."

ಉತ್ತರ ಹೊಳೆಯಲಿಲ್ಲ. ಮಗ ಕಿಟಕಿಯ ಬಳಿ ಎರಡೂ ಕಾಲು ಮಡಚಿಕೊಂಡು ನಿದ್ದೆ ಹೋಗಿದ್ದ. ಅದನ್ನೇ ನೋಡುತ್ತ ಕುಳಿತೆವು.