ಕೈಗುಣವಂತೆ!

ಹೆಣ್ಣುಮಗಳೊಬ್ಬಳು ಕೆಲಸವನ್ನು ಚಕಚಕನೆ ಮುಗಿಸಿದಳೆಂದರೆ ಸಾಕು, ‘ಅವಳ ಕೈಗುಣ’ ಎಂದುಬಿಡುತ್ತಾರೆ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇಟಲಿಯ ಬೊಲೊನ್ಯಾ ಊರಿನ ಎಲಿಸಬೆಟ್ಟಾ ಸಿರಾನಿಯನ್ನೇ ನೋಡಿ. 1657ರಲ್ಲಿ, ಹತ್ತೊಂಬತ್ತರ ಹರೆಯದ ಆಕೆಗೆ ಅಲ್ಲಿನ ಚೆರ್ತೋಜಾ ಚರ್ಚಿಗಾಗಿ ಯೇಸುವಿನ ದೀಕ್ಷಾಸ್ನಾನದ ಭಾರೀ ಚಿತ್ರ ಬರೆದುಕೊಡುವ ಕೆಲಸ ಬಂತು. ಆಕೆ ಕೂಡಲೇ ಬಿಳಿ ಹಾಳೆ ಎಳೆದುಕೊಂಡು, ನೀರು ಬೆರೆಸಿದ ಮಸಿಯಲ್ಲಿ ಕುಂಚ ಅದ್ದಿ, ಇಡೀ ದೃಶ್ಯದ ಕರಡನ್ನು ಬರೆದೇಬಿಟ್ಟಳಂತೆ. ಕಣ್ಣಾರೆ ಕಂಡ ಮಾಲ್ವಾಸಿಯಾ 1678ರ ತನ್ನ ಪುಸ್ತಕದಲ್ಲಿ ಬಾಯಿತುಂಬ ಹೊಗಳಿದ್ದಾನೆ. ಆಕೆಯ ಕೆಲಸದಲ್ಲಿ ಗಂಡಸುತನವಿದೆ ಎಂಬುದೂ ಆ ಹೊಗಳಿಕೆಯಲ್ಲಿ ಸೇರಿದೆ, ಅದಿರಲಿ!

ಹೊಗಳುವ ಮಹನೀಯರೇ, ಮಸಿಯಲ್ಲಿ ಬರೆದದ್ದನ್ನು ಅಳಿಸಿ ತಿದ್ದುವಂತಿಲ್ಲ. ಇರುವುದೊಂದೇ ಮಸಿ. ನೀರು ಹೆಚ್ಚಾದರೆ ತೆಳುನೆರಳು, ಕಡಿಮೆಯಾದರೆ ಕತ್ತಲೆ. ಬೆಳಕಿಗಂತೂ ಬಣ್ಣವೇ ಇಲ್ಲ, ಹಾಳೆಯ ಬಿಳುಪನ್ನು ಮುಟ್ಟದೆ ಬಿಡಬೇಕು. ಸ್ನಾನಿಕ ಯೋಹಾನನ ತೋಳಿನ ಮೇಲೆ ಎಷ್ಟು ಬಿಡಬೇಕು, ಯೇಸುವಿನ ಬೆನ್ನ ಹಿಂದೆ ಎಷ್ಟು ಕಪ್ಪಿಡಬೇಕು ಎಂಬುದು ಕುಂಚ ಅದ್ದುವ ಮೊದಲೇ ತಲೆಯಲ್ಲಿ ತೀರ್ಮಾನವಾಗಿರಬೇಕು. ಚಿತ್ರಕಾರನಾದ ತಂದೆಯ ಕಾರ್ಯಾಗಾರದಲ್ಲಿ ಚಿಕ್ಕಂದಿನಿಂದ ಆಕೆ ಸವೆಸಿದ ಹಾಳೆಗಳನ್ನು ಯಾರು ಎಣಿಸಿದರು?

ಗುಮಾನಿ ಬೇರೆ! ತಂದೆಯೇ ಬರೆದುಕೊಡುತ್ತಾನೆಂದು ಗುಸುಗುಸು. ಬಂದವರೆದುರೇ ಬರೆದು ತೋರಿಸಬೇಕಾಯಿತು. ನಿಜಕ್ಕೂ ತಂದೆಯ ಕೈ ಸಂಧಿವಾತದಿಂದ ಸೋತಿತ್ತು, ಸಂಸಾರ ನಡೆಯುತ್ತಿದ್ದುದೇ ಮಗಳ ದುಡಿಮೆಯಿಂದ. ಇಷ್ಟರ ನಡುವೆ ತಂಗಿಯರಿಗೂ ಊರಿನ ಬೇರೆ ಹುಡುಗಿಯರಿಗೂ ಕಲಿಸಿದಳು. ಕೈಗುಣವಾಗಿದ್ದರೆ ಕಲಿಸಲು ಬರುತ್ತಿತ್ತೇ, ನೀವೇ ಹೇಳಿ. ತಾನು ಬರೆದ ಚಿತ್ರಗಳ ಪಟ್ಟಿಯನ್ನೂ ತಾನೇ ಇಟ್ಟಳು. 1665ರಲ್ಲಿ, 27ಕ್ಕೇ ತೀರಿಕೊಳ್ಳುವ ಹೊತ್ತಿಗೆ ಇನ್ನೂರರಷ್ಟು ಚಿತ್ರ ಬರೆದಿದ್ದಳು. ಆ ಕರಡಿನಿಂದ ಬೆಳೆದ ದೊಡ್ಡ ಚಿತ್ರ ಇವತ್ತೂ ಚೆರ್ತೋಜಾದಲ್ಲೇ ಇದೆ.