ಹೊರಟು ಬಂದ ಮರುದಿನ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ನಮ್ಮ ಹಿರಿಯರು ಅನುಭವದಿಂದಲೇ ಈ ಮಾತನ್ನು ಆಡಿರಬೇಕು. ಸಾರಿಗೆ ಉಪ್ಪು ಹೆಚ್ಚಾಯಿತೆಂದೋ, ತವರಿಗೆ ಹೋದವಳು ಎರಡು ದಿನ ತಡವಾಗಿ ಬಂದಳೆಂದೋ ಹುಟ್ಟಿದ ಜಗಳ ಊಟದ ಎಲೆ ಎತ್ತುವ ಹೊತ್ತಿಗೆ ಮುಗಿದುಹೋಗುತ್ತದೆ. ಆದರೆ ಉಂಡು ಮಲಗಿದ ಮೇಲೆಯೂ ಮುಗಿಯದ ಜಗಳಗಳುಂಟು; ಉಣ್ಣುವುದಕ್ಕೇ ಬಿಡದ ಜಗಳಗಳುಂಟು. ಒಬ್ಬರು ಕೈ ಎತ್ತುವುದು, ಇನ್ನೊಬ್ಬರು ಮುಖ ಮುಚ್ಚಿಕೊಳ್ಳುವುದು ಇಷ್ಟೇ ಉಳಿದಾಗ ಅದಕ್ಕೆ ಜಗಳವೆಂಬ ಹೆಸರೂ ಸಲ್ಲದು. ಅಂಥ ಮನೆಗಳಿಗೂ ನಾವು ಅದೇ ಗಾದೆಯನ್ನು ಹೇಳಿ, ಬಾಗಿಲು ಎಳೆದುಕೊಂಡು ಹಿಂದಿರುಗುತ್ತೇವೆ. ಆ ಬಾಗಿಲನ್ನು ತೆರೆದು ಹೊರಗೆ ಬಂದವಳ ವಿಷಯವಾಗಿ ಈ ವಾರ ನಾಲ್ಕು ಮಾತು ಆಡಬೇಕೆನಿಸಿದೆ.

ದಾವಣಗೆರೆಯಲ್ಲಿ ನನ್ನ ರವಿಕೆಗಳನ್ನು ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಎರಡು ವರ್ಷಗಳ ಪರಿಚಯವಾದರೂ ನಮ್ಮ ಮಾತು ತೋಳು, ಕೊರಳುಗಳ ಅಳತೆಯನ್ನು ದಾಟಿರಲಿಲ್ಲ. ಕಳೆದ ತಿಂಗಳು ಚಿತ್ರದುರ್ಗಕ್ಕೆ ಹೊರಟವಳಿಗೆ ಸಂಜೆಯ ಬಸ್ಸಿನಲ್ಲಿ ಆಕೆಯ ಪಕ್ಕದಲ್ಲಿಯೇ ಜಾಗ ದೊರೆಯಿತು. ಆಕೆಯ ತವರು ಆನಗೋಡು. ಹೆದ್ದಾರಿಯ ಪಕ್ಕದ ಆ ಊರನ್ನು ವೇಗದ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಒಂದು ಗಳಿಗೆ ನೋಡಿ ಮರೆತುಬಿಡುತ್ತಾರೆ. ಈಕೆ ದಿನವೂ ಬೆಳಿಗ್ಗೆ ಅಲ್ಲಿಂದ ನಗರಕ್ಕೆ ಬಂದು, ಸಂಜೆ ಹಿಂದಿರುಗುತ್ತಾಳೆ. ಮಡಿಲಲ್ಲಿ ರಾತ್ರಿ ಕುಚ್ಚು ಕಟ್ಟಬೇಕಾದ ಎರಡು ಸೀರೆಗಳ ಚೀಲವಿತ್ತು.

ಮಾತಿಗೆ ಮಾತು ಬಂದು, ಮನೆಯವರೇನು ಮಾಡುತ್ತಾರೆ ಎಂದು ಕೇಳಿಬಿಟ್ಟೆ. ಎಲ್ಲರೂ ಕೇಳುವ ಪ್ರಶ್ನೆಯೇ. ಆಕೆ ಕಿಟಕಿಯ ಹೊರಗಿನ ಮೆಕ್ಕೆಜೋಳದ ಹೊಲಗಳನ್ನು ನೋಡುತ್ತ, “ನಾನು ಬಿಟ್ಟು ಬಂದು ಮೂರು ವರ್ಷ ಆಯ್ತು ಅಕ್ಕಾರೇ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, “ಹೊರಟು ಬಂದಿದ್ದು ಕಷ್ಟ ಅನ್ನಿಸಲಿಲ್ಲ. ಮಾರನೇ ದಿನ ಬೆಳಿಗ್ಗೆ ಎದ್ದಾಗ ಕಷ್ಟ ಅನ್ನಿಸಿತು” ಎಂದಳು. ಹೆಸರೊಂದನ್ನು ಬಿಟ್ಟು ಉಳಿದುದನ್ನು ಬರೆಯಲು ಆಕೆಯೇ ಒಪ್ಪಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ಆಕೆ ಎರಡು ಸಲ ತವರಿಗೆ ಬಂದಿದ್ದಳು. ಎರಡು ಸಲವೂ ಹಿರಿಯರು ಕುಳಿತು ರಾಜಿ ಮಾಡಿ, ಹೊಂದಿಕೊಂಡು ಹೋಗೆಂದು ಬುದ್ಧಿ ಹೇಳಿ ಕಳುಹಿಸಿದ್ದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಗಾದೆಯೂ ಆ ಪಂಚಾಯಿತಿಯಲ್ಲಿ ಬಂದಿತ್ತಂತೆ. ಮೂರನೆಯ ಸಲ ಐದು ವರ್ಷದ ಮಗಳ ಕೈ ಹಿಡಿದು ಬಂದಾಗ ಅಣ್ಣ ಮೌನವಾಗಿ ನಿಂತ. ಮನೆಯಲ್ಲಿ ಮದುವೆಯಾಗಬೇಕಾದ ತಂಗಿಯೊಬ್ಬಳಿದ್ದಳು. ಅಣ್ಣನ ಚಿಂತೆ ಸುಳ್ಳೆನ್ನಲಾಗದು. ತಾಯಿ ಮಾತ್ರ “ಮಗು ಉಂಡಿದೆಯಾ?” ಎಂದು ಕೇಳಿ ಒಳಗೆ ಕರೆದುಕೊಂಡಳು. ವಾರದ ತರುವಾಯ, ಇವಳು ಯಾರಿಗೆ ಹೆದರಿದ್ದಳೋ ಆ ಅತ್ತಿಗೆಯೇ, ತಾನು ತವರಿನಿಂದ ತಂದಿದ್ದ ಹೊಲಿಗೆ ಯಂತ್ರವನ್ನು ಅಟ್ಟದಿಂದ ಇಳಿಸಿ, “ಸುಮ್ಮನೆ ಧೂಳು ತಿಂತಾ ಇತ್ತು, ನೀನಾದರೂ ತುಳಿ” ಎಂದಳಂತೆ. ಆ ಮಾತನ್ನು ಹೇಳುವಾಗ ಆಕೆಯ ಕಣ್ಣು ತುಂಬಿತ್ತು. ಹೊಡೆತದ ಮಾತು ಹೇಳುವಾಗ ತುಂಬಿರಲಿಲ್ಲ.

ಇದು ಯಾರೋ ಒಬ್ಬಳ ದುರದೃಷ್ಟವೆಂದು ಪುಟ ತಿರುವುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷ ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 44 ಮಂದಿ, ಗಂಡನ ಹಿಂಸೆಯನ್ನು ಎಂದಾದರೂ ಅನುಭವಿಸಿದ್ದಾಗಿ ತಿಳಿಸಿದರು. ದೇಶದ ಸರಾಸರಿ ನೂರಕ್ಕೆ 29. ಆ ಸಮೀಕ್ಷೆಯಲ್ಲಿ ಎಲ್ಲ ರಾಜ್ಯಗಳಿಗಿಂತ ಮುಂದೆ ನಿಂತದ್ದು ನಮ್ಮದೇ ನಾಡು. ಈ ಅಂಕಿಯಲ್ಲಿ ನಮ್ಮ ಬೀದಿಯೂ ಸೇರಿದೆಯೆಂದು ಒಪ್ಪಿಕೊಂಡ ಮೇಲೆಯೇ ಮುಂದಿನ ಮಾತಿಗೆ ಅರ್ಥ.

ಈ ವಿಷಯದಲ್ಲಿ ಕಾನೂನು ನಮಗಿಂತ ಬೇಗ ನಡೆದಿದೆಯೆಂದರೆ ಆಶ್ಚರ್ಯವಾಗಬಹುದು. ಗಂಡನ ಕ್ರೌರ್ಯದಿಂದ ಬೇಸತ್ತ ಹಿಂದೂ ಪತ್ನಿಯು ಪ್ರತ್ಯೇಕವಾಗಿ ವಾಸಿಸಿ ಜೀವನಾಂಶ ಪಡೆಯಬಹುದೆಂದು ಸ್ವಾತಂತ್ರ್ಯಕ್ಕೆ ಮುಂಚೆಯೇ, 1946ರಲ್ಲಿ, ಒಂದು ಶಾಸನವಾಯಿತು. 1955ರ ಹಿಂದೂ ವಿವಾಹ ಕಾಯಿದೆಯು ಕ್ರೌರ್ಯವನ್ನು ನ್ಯಾಯಿಕ ಪ್ರತ್ಯೇಕತೆಗೆ ಕಾರಣವೆಂದು ಒಪ್ಪಿತು. 1976ರ ತಿದ್ದುಪಡಿಯಿಂದ ವಿಚ್ಛೇದನಕ್ಕೂ ಅದು ಕಾರಣವಾಯಿತು. 2005ರಲ್ಲಿ ರಚಿತವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯಂತೂ ಮೈಮೇಲಿನ ಗಾಯವನ್ನು ಮಾತ್ರವಲ್ಲ, ನಿಂದೆಯನ್ನೂ, ಮನೆಖರ್ಚಿಗೆ ಹಣ ಕೊಡದೆ ಸತಾಯಿಸುವುದನ್ನೂ ಹಿಂಸೆಯೆಂದೇ ಕರೆಯಿತು.

ಈ ಕಾಯಿದೆಯಲ್ಲಿ ನಮ್ಮ ಸೋದರಿಯರು ನೆನಪಿನಲ್ಲಿಡಬೇಕಾದ ಕೆಲವು ಅಂಶಗಳಿವೆ. ರಕ್ಷಣೆ ಕೇಳಲು ವಿಚ್ಛೇದನದ ದಾವೆ ಹೂಡಲೇಬೇಕೆಂದಿಲ್ಲ. ಗಂಡನ ಊರಿಗೇ ಹೋಗಿ ಅರ್ಜಿ ಕೊಡಬೇಕಾಗಿಯೂ ಇಲ್ಲ. ತಾನು ತಾತ್ಕಾಲಿಕವಾಗಿ ವಾಸಿಸುತ್ತಿರುವ ಸ್ಥಳದ ಮ್ಯಾಜಿಸ್ಟ್ರೇಟರಲ್ಲಿಯೇ ಕೊಡಬಹುದು. ಆನಗೋಡಿನಲ್ಲಿ ತಾಯಿಯೊಡನೆ ಇರುವವಳಿಗೆ ದಾವಣಗೆರೆಯ ನ್ಯಾಯಾಲಯವೇ ಸಾಕು. ರಕ್ಷಣೆ, ವಾಸಕ್ಕೆ ಜಾಗ, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ವಶ ಇವೆಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಅರುವತ್ತು ದಿನಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳಿದರೂ, ಅದಕ್ಕಿಂತ ಹೆಚ್ಚು ಕಾಯಬೇಕಾಗಿ ಬಂದರೆ ಎದೆಗುಂದಬಾರದು. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದಲೇ ಲೆಕ್ಕ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಆದುದರಿಂದ ಅರ್ಜಿಯನ್ನು ತಡಮಾಡದೆ ಕೊಡುವುದೇ ಲೇಸು.

ವಕೀಲರಿಗೆ ಕೊಡಲು ಹಣವೆಲ್ಲಿ ಎಂಬುದು ಮುಂದಿನ ಪ್ರಶ್ನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ವರಮಾನ ಎಷ್ಟೇ ಇರಲಿ, ಸ್ತ್ರೀಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿದರೆ ವಕೀಲರನ್ನು ನೇಮಿಸಿಕೊಡುತ್ತಾರೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಕಾನೂನು ನೆರವಿನ ಸಂಖ್ಯೆ 15100. ಈ ಎರಡು ಅಂಕಿಗಳನ್ನು ಹಾಲಿನ ಲೆಕ್ಕ ಬರೆಯುವ ಪುಸ್ತಕದ ಮೂಲೆಯಲ್ಲಿ ಬರೆದಿಟ್ಟರೆ ನಷ್ಟವೇನಿಲ್ಲ. ನಮಗೆ ಬೇಡವಾದರೂ ಕೇಳಿಕೊಂಡು ಬಂದವರಿಗೆ ಬೇಕಾದೀತು.

ಆದರೆ ನ್ಯಾಯಾಲಯದ ಆಜ್ಞೆಯಿಂದ ಬದುಕು ಮತ್ತೆ ನಿಲ್ಲುವುದಿಲ್ಲ. ಅದು ನಿಲ್ಲುವುದು ಸಣ್ಣ ಸಣ್ಣ ಕಾಗದಗಳ ಮೇಲೆ. ಈಕೆ ಉಟ್ಟ ಸೀರೆಯಲ್ಲಿ ಹೊರಟು ಬಂದವಳು. ಮಗಳ ಜನನ ಪ್ರಮಾಣಪತ್ರವಾಗಲಿ, ಶಾಲೆಯ ವರ್ಗಾವಣೆ ಪತ್ರವಾಗಲಿ ಕೈಯಲ್ಲಿರಲಿಲ್ಲ. ಮುಂದಿನ ವರ್ಷ ಮಗುವಿಗೆ ಆರು ತುಂಬಿದಾಗ, ಕಾಗದವಿಲ್ಲದೆ ಯಾರು ಸೇರಿಸಿಕೊಂಡಾರು ಎಂದು ತಿಂಗಳೊಪ್ಪತ್ತು ಮನೆಯಲ್ಲಿಯೇ ಕೂಡಿಸಿಕೊಂಡಿದ್ದಳಂತೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ವಿಷಯದಲ್ಲಿ ಈ ಸಂಕಟವನ್ನು ಮುಂದಾಗಿಯೇ ಕಂಡಿದೆ. ವಯಸ್ಸಿನ ಪುರಾವೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿನ ವರ್ಗಾವಣೆ ಪತ್ರ ತಡವಾಯಿತೆಂದು ಬಾಗಿಲು ಹಾಕುವಂತಿಲ್ಲ. ಈ ಮಾತು ಆಕೆಗೆ ತಿಳಿದಿದ್ದರೆ ಆ ದಿನಗಳು ವ್ಯರ್ಥವಾಗುತ್ತಿರಲಿಲ್ಲ.

ಪಡಿತರ ಚೀಟಿಯ ಕಥೆಯೂ ಹೀಗೆಯೇ. ಆಕೆಯ ಹೆಸರು ಗಂಡನ ಮನೆಯ ಚೀಟಿಯಲ್ಲಿ ಉಳಿದಿತ್ತು. ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟಿನಲ್ಲಿ ಆರಂಭವಾದಾಗ ಆ ಚೀಟಿಯ ಯಜಮಾನಿ ಅತ್ತೆಯೇ ಆಗಿದ್ದಳು. ಒಂದು ಹೆಸರನ್ನು ಒಂದು ಚೀಟಿಯಿಂದ ತೆಗೆಸಿ ಇನ್ನೊಂದರಲ್ಲಿ ಬರೆಸಲು ಎಷ್ಟು ಸಲ ಅಲೆದಳೋ ಆಕೆಗೇ ಲೆಕ್ಕವಿಲ್ಲ. ಅದೇ ವರ್ಷ ಜೂನ್ 11ರಿಂದ ಸ್ತ್ರೀಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತದ್ದು ಮಾತ್ರ ಅವಳ ಪಾಲಿಗೆ ದೊಡ್ಡ ಉಪಕಾರವಾಯಿತು. ಬಸ್ಸಿನ ಖರ್ಚು ಉಳಿದುದರಿಂದಲೇ ದಾವಣಗೆರೆಯ ಅಂಗಡಿಯ ಸಂಬಳ ಕೈಗೆ ಹತ್ತಿತು ಎನ್ನುತ್ತಾಳೆ.

ಇಂಥ ಪುನರ್ನಿರ್ಮಾಣಕ್ಕೆ ಎಷ್ಟು ಕಾಲ ಹಿಡಿಯುತ್ತದೆ? ಆಕೆಯ ಮಾತು ಕೇಳುತ್ತಿರುವಾಗ, ನಮ್ಮ ಮಂಗಳೂರಿನ ಕದ್ರಿಯಲ್ಲಿ ಬೆಳೆದ ಫ್ಲೇವಿಯಾ ಆಗ್ನೆಸ್ ಅವರ ನೆನಪಾಯಿತು. ಮಕ್ಕಳ ತಾಯಿಯಾಗಿ, ವರ್ಷಗಟ್ಟಲೆ ಹೊಡೆತ ಬಡಿತಗಳನ್ನು ಸಹಿಸಿ, ಕೊನೆಗೆ ಮುಂಬಯಿಯಲ್ಲಿ ಆ ದಾಂಪತ್ಯದಿಂದ ಹೊರಗೆ ಬಂದವರು ಅವರು. ಆಗ ಕ್ರೈಸ್ತ ಸ್ತ್ರೀಯರಿಗೆ ಅನ್ವಯಿಸುತ್ತಿದ್ದ 1869ರ ಶಾಸನದಂತೆ ಕ್ರೌರ್ಯವೊಂದೇ ವಿಚ್ಛೇದನಕ್ಕೆ ಸಾಲುತ್ತಿರಲಿಲ್ಲ; ಗಂಡನ ವ್ಯಭಿಚಾರವನ್ನೂ ರುಜುವಾತುಪಡಿಸಬೇಕಿತ್ತು. ಆ ನಿಯಮ ಬದಲಾದದ್ದು 2001ರಲ್ಲಿ. ಅವರು 1984ರಲ್ಲಿ, ಒಡೆದ ಬದುಕನ್ನು ಮತ್ತೆ ಕಟ್ಟಿಕೊಂಡ ತಮ್ಮ ಕಥೆಯನ್ನು ಸ್ವಂತ ಹೆಸರಿನಲ್ಲಿಯೇ ಪ್ರಕಟಿಸಿದರು. ಮನೆಯ ಗುಟ್ಟು ರಟ್ಟು ಮಾಡಬಾರದೆಂಬ ಆ ದಿನಗಳಲ್ಲಿ ಅದು ಸಣ್ಣ ಧೈರ್ಯವಲ್ಲ. ಅನಂತರ ಕಾನೂನು ಓದಿ, 1988ರಿಂದ ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ವಕೀಲರಾದರು. ತಮ್ಮಂತೆಯೇ ನೊಂದವರ ಪರವಾಗಿ ವಾದಿಸಲು ‘ಮಜ್ಲಿಸ್’ ಎಂಬ ಸಂಸ್ಥೆಯನ್ನು ಕಟ್ಟುವುದರಲ್ಲಿ ಒಬ್ಬರಾದರು. ಹೊರಟು ಬಂದ ದಿನಕ್ಕೂ ಕರಿಯ ನಿಲುವಂಗಿ ತೊಟ್ಟ ದಿನಕ್ಕೂ ನಡುವೆ ವರ್ಷಗಳೇ ಕಳೆದಿದ್ದವು. ಎಲ್ಲರೂ ವಕೀಲರಾಗಬೇಕಾಗಿಲ್ಲ. ಆದರೆ ‘ಮರುದಿನ’ ಎನ್ನುವುದು ಇಪ್ಪತ್ತನಾಲ್ಕು ಗಂಟೆಗಳ ದಿನವಲ್ಲ, ಅದು ಅನೇಕ ವರ್ಷ ಉದ್ದವಾದದ್ದು ಎಂಬುದನ್ನು ಅಂಥವರ ಬಾಳು ತೋರಿಸುತ್ತದೆ.

ಆ ಉದ್ದವಾದ ಮರುದಿನದಲ್ಲಿಯೇ ನಮ್ಮ ನಿಮ್ಮ ಪಾತ್ರವಿರುವುದು. ಆಕೆ ಹೊಸ್ತಿಲು ದಾಟುವ ಗಳಿಗೆಯಲ್ಲಿ ನಾವು ಯಾರೂ ಜೊತೆಗಿರುವುದಿಲ್ಲ. ಆದರೆ ಮುಂದೆ ಬಾಡಿಗೆಗೆ ಕೋಣೆ ಕೇಳಿಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದಾಗ ‘ಯಜಮಾನರು ಎಲ್ಲಿದ್ದಾರೆ?’ ಎಂದು ಕೇಳುವವರು ನಾವೇ. ದಾವಣಗೆರೆಯಲ್ಲಿ ಕೋಣೆ ಹಿಡಿದರೆ ಮಗಳನ್ನು ಒಳ್ಳೆಯ ಶಾಲೆಗೆ ಹಾಕಬಹುದೆಂದು ಆಕೆ ಮೂರು ಕಡೆ ವಿಚಾರಿಸಿದಳಂತೆ. ಮೂರು ಕಡೆಯೂ ಈ ಪ್ರಶ್ನೆಯಲ್ಲಿಯೇ ಮಾತು ಮುಗಿಯಿತು. ಬಾಡಿಗೆಯ ಮಾತು ಬರಲೇ ಇಲ್ಲ. ಬಸ್ಸಿನಲ್ಲಿ ಅದೇ ಪ್ರಶ್ನೆಯನ್ನು ಕೇಳಿದ ನನಗೆ ಆಗ ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಮಗುವಿನ ವಿಷಯವಾಗಿಯೂ ಒಂದು ಮಾತು. ತಂದೆಯನ್ನು ಬಿಟ್ಟು ಬೆಳೆದ ಮಗು ಕೆಡುತ್ತದೆಯೆಂದು ಹೇಳುವವರು, ಹೊಡೆತವನ್ನು ನೋಡುತ್ತ ಬೆಳೆದ ಮಗು ಏನಾಗುತ್ತದೆಯೆಂದು ಯೋಚಿಸುವುದಿಲ್ಲ. ಈ ಹುಡುಗಿ ಮೊದಮೊದಲು ಚೊಂಬು ಉರುಳಿದ ಸದ್ದಿಗೂ ಬೆಚ್ಚಿ ಅಜ್ಜಿಯ ಸೆರಗಿನ ಹಿಂದೆ ಅವಿತುಕೊಳ್ಳುತ್ತಿದ್ದಳಂತೆ. ತಾಯಿಯಾದವಳು ಅವಳೆದುರು ತಂದೆಯನ್ನು ಬಯ್ಯುವುದಿಲ್ಲ, ಸುಳ್ಳನ್ನೂ ಹೇಳುವುದಿಲ್ಲ. “ನಿಮ್ಮಪ್ಪನಿಗೆ ಸಿಟ್ಟು ತಡೆಯೋಕೆ ಬರಲಿಲ್ಲ, ಅದಕ್ಕೇ ನಾವು ಇಲ್ಲಿದ್ದೀವಿ. ಅದರಲ್ಲಿ ನಿನ್ನ ತಪ್ಪು ಏನೂ ಇಲ್ಲ” ಎಂದು ಕೇಳಿದಾಗಲೆಲ್ಲ ಅಷ್ಟನ್ನೇ ಹೇಳುತ್ತಾಳೆ. ಮಗುವಿನ ಮನಸ್ಸಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಾಗಿಲ್ಲವೆಂದು ನನಗೆ ತೋರುತ್ತದೆ.

ತಪ್ಪು ತಿಳಿಯಬೇಡಿರಿ. ಸಣ್ಣ ಮನಸ್ತಾಪಕ್ಕೆಲ್ಲ ಮನೆ ಬಿಡಿರೆಂದು ಹೇಳುವವಳು ನಾನಲ್ಲ. ಮನಸ್ತಾಪಕ್ಕಾಗಿ ಮಗುವಿನ ಕೈ ಹಿಡಿದು ರಾತ್ರಿ ಬಸ್ಸು ಹತ್ತುವ ಹೆಂಗಸನ್ನು ನಾನಂತೂ ಕಂಡಿಲ್ಲ. ಹಾಗೆ ಬಂದವಳು ಎಲ್ಲ ಲೆಕ್ಕವನ್ನೂ ಹಾಕಿಯೇ ಬಂದಿರುತ್ತಾಳೆ. ಅವಳಿಗೆ ನಾವು ಹೊಸದಾಗಿ ಬುದ್ಧಿ ಹೇಳುವುದು ಬೇಡ. ಏಕೆ ಬಂದೆಯೆಂದು ಕೇಳಲು ನ್ಯಾಯಾಧೀಶರಿದ್ದಾರೆ. ಉಂಡೆಯಾ ಎಂದು ಕೇಳಲು ತವರಿನವರು, ನೆರೆಯವರು ಬೇಕು.

ಆನಗೋಡಿನ ನಿಲ್ದಾಣದಲ್ಲಿ ಆಕೆ ಇಳಿದಾಗ ಕತ್ತಲಾಗುತ್ತಿತ್ತು. ಅಜ್ಜಿಯ ಕೈ ಹಿಡಿದು ನಿಂತಿದ್ದ ಹುಡುಗಿ ಓಡಿ ಬಂದು ತಾಯಿಯ ಕೈಯಿಂದ ಚೀಲವನ್ನು ಕಿತ್ತುಕೊಂಡಳು. ಅತ್ತಿಗೆಯ ಯಂತ್ರವನ್ನು ಹಿಂದಿರುಗಿಸಿ, ಮುಂದಿನ ಯುಗಾದಿಯೊಳಗೆ ಸ್ವಂತದ್ದೊಂದನ್ನು ಕೊಳ್ಳಬೇಕೆಂದು ಆಕೆ ಹಣ ಕೂಡಿಸುತ್ತಿದ್ದಾಳೆ. ಕೋಣೆಯನ್ನೂ ಹುಡುಕುತ್ತಿದ್ದಾಳೆ. ನಾಲ್ಕನೆಯ ಮನೆಯವರಾದರೂ ಮೊದಲು ಬಾಡಿಗೆಯ ಮಾತನ್ನೇ ಆಡಲಿ.