ಹ್ಯಾರಿಯ ಮಾತು ಚಿತ್ರದ ಮಾತಲ್ಲ

‘ವೆನ್ ಹ್ಯಾರಿ ಮೆಟ್ ಸ್ಯಾಲಿ’ 1989ರಲ್ಲಿ ಬಂದ ಚಿತ್ರ. ನಿರ್ದೇಶನ ರಾಬ್ ರೈನರ್, ಚಿತ್ರಕಥೆ ನೋರಾ ಎಫ್ರನ್, ತೆರೆಯ ಮೇಲೆ ಬಿಲ್ಲಿ ಕ್ರಿಸ್ಟಲ್ ಮತ್ತು ಮೆಗ್ ರಯಾನ್. ಇದನ್ನು ತಲೆಯ ಮೇಲೆ ಹೊತ್ತು ಮೆರೆಸುವವರಿದ್ದಾರೆ, ಹೆಸರೆತ್ತಿದರೆ ಮೂಗು ಮುರಿಯುವವರೂ ಇದ್ದಾರೆ. ನಾನು ಮೊದಲ ಗುಂಪಿನವನು. ಗೆಳೆಯರ ಜೊತೆ ಕೂತು ನೋಡಿದಾಗಲೆಲ್ಲ ಚಿತ್ರ ಮುಗಿಯುತ್ತಿದ್ದಂತೆ ಅವೇ ತಕರಾರುಗಳು ಏಳುತ್ತವೆ. ಅವುಗಳಲ್ಲಿ ಒಂದು ನ್ಯಾಯವಾದದ್ದು, ಅದನ್ನು ಒಪ್ಪಿಕೊಳ್ಳುತ್ತೇನೆ. ಉಳಿದವನ್ನು ಒಪ್ಪಲಾರೆ.

ಎಲ್ಲಕ್ಕಿಂತ ದೊಡ್ಡ ಆರೋಪ ಇದು: ಗಂಡು ಹೆಣ್ಣು ಬರೀ ಸ್ನೇಹಿತರಾಗಿರಲು ಸಾಧ್ಯವೇ ಇಲ್ಲವೆಂದು ಈ ಚಿತ್ರ ಸಾರುತ್ತದಂತೆ. ಹಾಗಂತ ಹೇಳುವವನು ಯಾರು, ಯಾವಾಗ ಹೇಳುತ್ತಾನೆ ಎಂದು ನೋಡಬೇಡವೇ? ಹೇಳುವವನು ಆಗಷ್ಟೇ ಕಾಲೇಜು ಮುಗಿಸಿದ ಹ್ಯಾರಿ. ವರ್ಷ 1977. ಸ್ಯಾಲಿಯ ಜೊತೆ ಶಿಕಾಗೊದಿಂದ ನ್ಯೂಯಾರ್ಕಿಗೆ ಹೋಗುವ ಕಾರಿನಲ್ಲಿ ಅವನು ದ್ರಾಕ್ಷಿ ತಿನ್ನುತ್ತ, ಕಿಟಕಿಯ ಗಾಜು ಏರಿಸಿದೆ ಎನ್ನುವುದನ್ನೂ ಗಮನಿಸದೆ ಬೀಜ ಉಗಿಯುತ್ತಾನೆ. ಅದೇ ಪ್ರಯಾಣದಲ್ಲಿ ಈ ಸಿದ್ಧಾಂತವನ್ನೂ ಮಂಡಿಸುತ್ತಾನೆ. ಇಂಥ ಹುಡುಗನ ಬಾಯಿಯ ಮಾತನ್ನು ಚಿತ್ರದ ತೀರ್ಪು ಎಂದುಕೊಂಡರೆ ತಪ್ಪು ಚಿತ್ರದ್ದಲ್ಲ.

ಮುಂದೆ ಹತ್ತು ವರ್ಷ ಕಳೆದು ಪುಸ್ತಕದಂಗಡಿಯಲ್ಲಿ ಮತ್ತೆ ಸಿಗುವ ಹೊತ್ತಿಗೆ ಇಬ್ಬರಿಗೂ ಪೆಟ್ಟು ಬಿದ್ದಿರುತ್ತದೆ. ಅವನ ಹೆಂಡತಿ ಬಿಟ್ಟುಹೋಗಿದ್ದಾಳೆ, ಸ್ಯಾಲಿಯ ಸಂಬಂಧ ಕಡಿದಿದೆ. ಅಲ್ಲಿಂದ ಶುರುವಾಗುವುದು ಗೆಳೆತನವೇ. ತಮ್ಮ ತಮ್ಮ ಮನೆಯ ಹಾಸಿಗೆಯಲ್ಲಿ ಬಿದ್ದುಕೊಂಡು, ಕಿವಿಗೆ ಫೋನು ಹಿಡಿದು, ಟಿವಿಯಲ್ಲಿ ಬರುವ ‘ಕಾಸಾಬ್ಲಾಂಕಾ’ವನ್ನು ಒಟ್ಟಿಗೆ ನೋಡುತ್ತಾರಲ್ಲ, ಆ ದೃಶ್ಯ ನನಗೆ ಇಡೀ ಚಿತ್ರದಲ್ಲೇ ಅತಿ ಪ್ರಿಯವಾದದ್ದು. ರಾತ್ರಿ ನಿದ್ದೆ ಬಾರದ ಇಬ್ಬರು ಒಂದು ಹಳೆಯ ಸಿನಿಮಾದ ಬಗ್ಗೆ ವಾದ ಮಾಡುತ್ತಿದ್ದಾರೆ. ಇದಕ್ಕಿಂತ ಶುದ್ಧವಾದ ಸ್ನೇಹದ ಚಿತ್ರ ಬೇರೆಲ್ಲಿ ಸಿಗುತ್ತದೆ?

‘ಕೊನೆಗೆ ಒಟ್ಟಿಗೆ ಮಲಗಿದರಲ್ಲ, ಹ್ಯಾರಿ ಹೇಳಿದ್ದೇ ನಿಜವಾಯಿತಲ್ಲ’ ಎನ್ನುತ್ತಾರೆ. ಮಲಗಿದ ಮೇಲೆ ಏನಾಯಿತು? ಬೆಳಗಾಗುವಷ್ಟರಲ್ಲಿ ಮುಖ ಮುಖ ನೋಡಲಾಗದ ಸಂಕಟ. ಮಾತು ನಿಂತಿತು. ಗೆಳೆಯರ ಮದುವೆಯ ದಿನ ಅವಳು ಅವನ ಕೆನ್ನೆಗೆ ಹೊಡೆದಳು. ಅಲ್ಲಿ ಮುರಿದು ಬಿದ್ದದ್ದು ಏನು? ಪ್ರೇಮವಂತೂ ಅಲ್ಲ, ಅದಿನ್ನೂ ಮಾತಿಗೇ ಬಂದಿರಲಿಲ್ಲ. ಮುರಿದದ್ದು ಸ್ನೇಹ. ಇಲ್ಲದ ವಸ್ತು ಮುರಿಯುವುದು ಹೇಗೆ? ಅವರು ಪಟ್ಟ ನೋವೇ ಹ್ಯಾರಿಯ ಸಿದ್ಧಾಂತಕ್ಕೆ ಉತ್ತರ.

ಎರಡನೆಯದು, ಇದು ವುಡಿ ಅಲೆನ್‌ನ ‘ಆನಿ ಹಾಲ್’ ಚಿತ್ರದ ನಕಲು ಎಂಬ ಮಾತು. ಹೋಲಿಕೆಗಳಿವೆ, ಇಲ್ಲವೆನ್ನುವುದಿಲ್ಲ. ಅದೇ ನ್ಯೂಯಾರ್ಕ್, ಅದೇ ಹಳೆಯ ಜಾಜ್ ಹಾಡುಗಳು, ಮುಗಿಯದ ಮಾತು. ಆದರೆ ‘ಆನಿ ಹಾಲ್’ ಒಬ್ಬ ಗಂಡಸಿನ ನೆನಪು, ಆನಿ ನಮಗೆ ಕಾಣುವುದು ಅವನ ಕಣ್ಣಿನಿಂದ. ಸ್ಯಾಲಿ ಹಾಗಲ್ಲ. ಹ್ಯಾರಿ ಇಲ್ಲದ ಹೊತ್ತಿನಲ್ಲೂ ಅವಳಿಗೆ ಗೆಳತಿಯರಿದ್ದಾರೆ, ಅಳು ಇದೆ, ಹಠ ಇದೆ. ರೈನರ್ ಪೆನ್ನಿ ಮಾರ್ಷಲ್ ಅವರಿಂದ ವಿಚ್ಛೇದನ ಪಡೆದ ಮೇಲೆ ಅನುಭವಿಸಿದ ಮಂಕು ಹ್ಯಾರಿಗೆ ಬಂತು. ಹೋಟೆಲಿನಲ್ಲಿ ಅದು ಬೇರೆ ಇರಲಿ, ಇದು ಪಕ್ಕಕ್ಕಿರಲಿ ಎಂದು ಸಪ್ಲೈಯರ್‌ಗೆ ಸಾಲು ಸಾಲು ಸೂಚನೆ ಕೊಡುವ ಸ್ಯಾಲಿಯ ರೂಢಿ ಎಫ್ರನ್ ಅವರದೇ. ಇಬ್ಬರು ತಮ್ಮ ತಮ್ಮ ಬದುಕನ್ನು ಎದುರುಬದುರು ಇಟ್ಟು ಕಟ್ಟಿದ ಕಥೆಗೆ ನಕಲು ಎನ್ನುವುದು ಅನ್ಯಾಯ.

ಕ್ಯಾಟ್ಜ್ ಡೆಲಿ ಎಂಬ ಹೋಟೆಲಿನ ದೃಶ್ಯ ಅಸಭ್ಯವೆಂದು, ಮನೆಮಂದಿಯ ಜೊತೆ ನೋಡಲಾಗದೆಂದು ಮುಖ ತಿರುಗಿಸುವವರಿಗೆ ಹೆಚ್ಚು ಹೇಳುವುದಿಲ್ಲ. ಹೆಂಗಸರು ತನ್ನೆದುರು ಸುಖದ ನಟನೆ ಮಾಡಿದರೆ ತನಗೆ ತಿಳಿಯದೇ ಇರುವುದಿಲ್ಲ ಎಂದು ಹ್ಯಾರಿ ಜಂಬ ಕೊಚ್ಚಿದ. ತುಂಬಿದ ಹೋಟೆಲಿನಲ್ಲಿ ಸ್ಯಾಲಿ ನಟಿಸಿಯೇ ತೋರಿಸಿದಳು, ಮುಗಿಸಿ ಮತ್ತೆ ಊಟಕ್ಕೆ ಕೈ ಹಾಕಿದಳು. ವಾದಕ್ಕೆ ಪುರಾವೆ ಒದಗಿಸಿದ್ದು ಅಸಭ್ಯತೆ ಹೇಗಾಗುತ್ತದೆ? ಪಕ್ಕದ ಮೇಜಿನಿಂದ ಅವಳು ತಿಂದದ್ದನ್ನೇ ತನಗೂ ಕೊಡಿ ಎನ್ನುವ ಹಿರಿಯ ಮಹಿಳೆ ಎಸ್ಟೆಲ್ ರೈನರ್, ನಿರ್ದೇಶಕರ ಸ್ವಂತ ತಾಯಿ.

ಇನ್ನು ನ್ಯಾಯವಾದ ತಕರಾರು. ಈ ಮ್ಯಾನ್‌ಹಟನ್‌ನಲ್ಲಿ ಬಾಡಿಗೆಯ ಚಿಂತೆ ಯಾರಿಗೂ ಇಲ್ಲ. ಸ್ಯಾಲಿ ಪತ್ರಕರ್ತೆ, ಹ್ಯಾರಿ ರಾಜಕೀಯ ಸಲಹೆಗಾರ, ಆದರೆ ಅವರು ದುಡಿಯುವುದು ಕಾಣುವುದೇ ಇಲ್ಲ. ಮುಖ್ಯ ಪಾತ್ರಗಳೆಲ್ಲ ಉಳ್ಳವರು, ಬಿಳಿಯರು. ಒಪ್ಪಿದೆ. ಆದರೂ ನಡುನಡುವೆ ಸೋಫಾದ ಮೇಲೆ ಕೂತು ತಮ್ಮ ಮದುವೆಯ ಕಥೆ ಹೇಳುವ ಮುದಿ ದಂಪತಿಗಳನ್ನು ಮರೆಯಬೇಡಿ. ಹೇಳುವವರು ನಟರು, ಕಥೆಗಳು ಮಾತ್ರ ನಿಜವಾದವು. ಅವರಲ್ಲೊಬ್ಬ ಏಷ್ಯಾ ಮೂಲದ ಅಜ್ಜ ಇದ್ದಾನೆ. ಒಬ್ಬ ಬಂದು ಹೇಳಿದ ಹುಡುಗಿಯನ್ನು ಮದುವೆಗೆ ಮುಂಚೆ ನೋಡುವ ಹಾಗಿರಲಿಲ್ಲ. ಇವನು ಅವಳ ಊರಿಗೆ ಕದ್ದು ಹೋಗಿ, ಮರದ ಹಿಂದೆ ನಿಂತು, ಬಟ್ಟೆ ಒಗೆಯುತ್ತಿದ್ದ ಅವಳನ್ನು ನೋಡಿಬಂದ. ಬಾಳಿದ್ದು 55 ವರ್ಷ. ನಮ್ಮ ಅಜ್ಜಂದಿರ ಬಾಯಲ್ಲೂ ಕೇಳಿದಂತಿರುವ ಈ ಕಥೆ ನ್ಯೂಯಾರ್ಕಿನ ಸಿನಿಮಾದಲ್ಲಿ ಎದುರಾದಾಗ ನನಗೆ ಗಂಟಲು ಕಟ್ಟಿತ್ತು.

ಕೊನೆಯ ಆಕ್ಷೇಪ, ಮುಕ್ತಾಯ ಬಲವಂತದ್ದು ಎಂಬುದು. ಮೊದಲು ಬರೆದಂತೆ ಇಬ್ಬರೂ ಬೇರೆಯಾಗಬೇಕಿತ್ತು. ಚಿತ್ರೀಕರಣದ ವೇಳೆ ರೈನರ್‌ಗೆ ಮುಂದೆ ತಮ್ಮ ಹೆಂಡತಿಯಾದ ಮಿಷೆಲ್ ಸಿಂಗರ್ ಪರಿಚಯವಾಗಿ, ಅಂತ್ಯವೂ ಬದಲಾಯಿತು. ಇದನ್ನೇ ಹಿಡಿದು ‘ನೋಡಿ, ಅಂಟಿಸಿದ ಕೊನೆ’ ಎನ್ನುತ್ತಾರೆ. ಹೊಸ ವರ್ಷದ ಹಿಂದಿನ ರಾತ್ರಿ ಓಡಿಬಂದ ಹ್ಯಾರಿ ಏನು ಹೇಳುತ್ತಾನೆ ಕೇಳಿಸಿಕೊಳ್ಳಿ. ಅವಳ ರೂಪವನ್ನು ಹೊಗಳುವುದಿಲ್ಲ. ಒಂದು ಸ್ಯಾಂಡ್‌ವಿಚ್ ಹೇಳಲು ಒಂದೂವರೆ ಗಂಟೆ ತೆಗೆದುಕೊಳ್ಳುವುದು, ಬೆಚ್ಚಗಿರುವಾಗಲೂ ಚಳಿಯೆನ್ನುವುದು, ತನ್ನನ್ನು ತಲೆಕೆಟ್ಟವನಂತೆ ನೋಡುವಾಗ ಮೂಗಿನ ಮೇಲೆ ಮೂಡುವ ಗೆರೆ, ಇವನ್ನೆಲ್ಲ ಪ್ರೀತಿಸುತ್ತೇನೆ ಎನ್ನುತ್ತಾನೆ. ಹನ್ನೆರಡು ವರ್ಷ ಅವಳನ್ನು ನೋಡಿದವನು ಮಾತ್ರ ಒಪ್ಪಿಸಬಲ್ಲ ಪಟ್ಟಿ ಇದು. ಅವಳು ಕರಗಿ ಹೋಗುವುದೂ ಇಲ್ಲ. ನಿನ್ನನ್ನು ದ್ವೇಷಿಸುತ್ತೇನೆ ಎಂದು ಅಳುತ್ತಾಳೆ.

ಆಮೇಲೆ ಅದೇ ಸೋಫಾ. ಈ ಸಲ ಕೂತವರು ಇವರಿಬ್ಬರೇ. ತಮ್ಮ ಮದುವೆಯ ತೆಂಗಿನಕಾಯಿ ಕೇಕಿನ ಬಗ್ಗೆ ಹೇಳುತ್ತಿದ್ದಾರೆ, ಚಾಕೊಲೇಟ್ ಸಾಸ್ ಯಾಕೆ ಪಕ್ಕದಲ್ಲಿ ಬೇರೆಯೇ ಇರಬೇಕು ಎಂದು ಸ್ಯಾಲಿ ವಿವರಿಸುತ್ತಿದ್ದಾಳೆ.